ಇಪ್ಪತ್ತು ಮುಖದ ದಾಳ, ಜಾತ್ರೆಯ ಕಿರೀಟ

ಯುಗಾದಿಗೆ ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದ. ಇಂಜಿನಿಯರಿಂಗ್ ಎರಡನೇ ವರ್ಷ. ಬ್ಯಾಗಿನಿಂದ ಬಟ್ಟೆ ತೆಗೆಯುವಾಗ ಒಂದು ಸಣ್ಣ ಚೀಲ ಜಾರಿ ಜಗಲಿ ಮೇಲೆ ಬಿತ್ತು. ಬಾಯಿದಾರ ಬಿಚ್ಚಿಕೊಂಡು ಒಳಗಿದ್ದದ್ದೆಲ್ಲ ಉರುಳಿ ಅವ್ವನ ಕಾಲ ಹತ್ತಿರ ಹೋಯಿತು. ಅವ್ವ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು. ಒಂದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದಳು.

"ಇದೇನ್ ಮಗ ಇದು, ನೆಲ್ಲಿಕಾಯಿ ಥರ ಐತೆ. ಮೈ ತುಂಬ ನಂಬರು."

"ದಾಳ ಅಜ್ಜಿ. ಇಪ್ಪತ್ತು ಮುಖದ್ದು."

ಅವ್ವ ನಮ್ಮ ಮುಖ ನೋಡಿದಳು. ದಾಳ ಅನ್ನುವ ಮಾತು ನಮ್ಮ ಮನೆಯಲ್ಲಿ ಅಷ್ಟು ಸಲೀಸಾಗಿ ಬರುವುದಿಲ್ಲ. ಅದು ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇವೆ.

ಮೊದಲೇ ಒಂದು ಮಾತು. ಈ ಬರಹದಲ್ಲಿ 'ನಾವು' ಅಂದರೆ ಒಬ್ಬನೇ. ಹತ್ತು ವರ್ಷದ ಮೇಲಾಯಿತು ಜಿಲ್ಲೆಯ ಸುದ್ದಿ ಬರೆಯುತ್ತಾ. ಕೆರೆ ಕೋಡಿ ಬಿದ್ದದ್ದು, ಚಿರತೆ ಕರು ಹೊತ್ತೊಯ್ದದ್ದು, ಗ್ರಾಮ ಪಂಚಾಯ್ತಿ ಗದ್ದಲ, ಇವುಗಳಲ್ಲಿ 'ನಾನು' ಅಂತ ಬರೆದರೆ ಡೆಸ್ಕಿನವರು ಹೊಡೆದುಹಾಕುತ್ತಾರೆ. ಹಾಗಾಗಿ ಆ ಪದ ಕೈಗೇ ಬರುವುದಿಲ್ಲ. ಇವತ್ತು ಹೇಳುವ ವಿಷಯಕ್ಕೆ ಅದು ಅನುಕೂಲವೂ ಆಯಿತು. ಜೂಜಿನಲ್ಲಿ ದುಡ್ಡು ಕಳೆದವರು 'ನಾವು' ಅಂದರೆ ತಪ್ಪು ನಾಲ್ಕು ಜನಕ್ಕೆ ಹಂಚಿಹೋದ ಹಾಗೆ ಕೇಳುತ್ತದೆ.

ಇರಲಿ. ಚೀಲದಲ್ಲಿ ಏಳು ದಾಳಗಳಿದ್ದವು. ನಾಲ್ಕು ಮುಖದ್ದು ಸಣ್ಣ ಗೋಪುರದ ಥರ. ಆರು ಮುಖದ್ದು ನಮಗೆಲ್ಲ ಗೊತ್ತಿರುವುದೇ. ಎಂಟು ಮುಖದ್ದು ಎರಡು ಗೋಪುರವನ್ನು ಬುಡಕ್ಕೆ ಬುಡ ಅಂಟಿಸಿದ ಹಾಗೆ. ಹತ್ತು ಮುಖದವು ಎರಡು. ಹನ್ನೆರಡು ಮುಖದ್ದೊಂದು. ಕೊನೆಗೆ ಅವ್ವನ ಕೈಯಲ್ಲಿದ್ದ ನೆಲ್ಲಿಕಾಯಿ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಅನ್ನುವ ಊರಿನಿಂದ 1974ರಲ್ಲಿ ಹೊರಗೆ ಬಂದದ್ದು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅಂತ ಇಬ್ಬರು ಸೇರಿ ಮಾಡಿದ್ದು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರಿಗೆ ಒಂದೊಂದು ಪಾತ್ರ. 'ಗುಹೆ ಬಾಗಿಲಲ್ಲಿ ರಾಕ್ಷಸ ನಿಂತಿದ್ದಾನೆ, ಏನು ಮಾಡುತ್ತೀರಿ?' ಅಂತ ಅವನು ಕೇಳಿದರೆ, ಪಾತ್ರದವರು ತಮಗೆ ತೋಚಿದ್ದು ಹೇಳುತ್ತಾರೆ. ಅದು ಆಯಿತೋ ಇಲ್ಲವೋ ಅನ್ನುವುದನ್ನು ದಾಳ ಹೇಳುತ್ತದೆ. ಹಣ ಕಟ್ಟುವುದಿಲ್ಲ. ಅಳಿಯ ಇದನ್ನು ಮೂರು ಮೂರು ಸಲ ಹೇಳಿದ.

ಅವ್ವನಿಗೆ ಇದು ನಮಗಿಂತ ಬೇಗ ಅರ್ಥವಾಯಿತು. "ನಮ್ಮೂರ ಕುರುಕ್ಷೇತ್ರ ನಾಟಕದ ಹಾರ್ಮೋನಿಯಂ ಮೇಷ್ಟ್ರು ಇದ್ದಂಗೆ ಅನ್ನು ಅವ್ನು. ಮೇಷ್ಟ್ರು ಎತ್ತಿಕೊಟ್ಟಂಗೆ ಇವ್ರು ಮಾತಾಡೋದು. ಮಾತು ಬಾಯ್ಪಾಠ ಮಾಡಂಗಿಲ್ಲ, ಅಷ್ಟೇಯ."

"ಕರೆಕ್ಟ್ ಅಜ್ಜಿ."

ಅಳಿಯನಿಗೆ ಒಂದು ತಕರಾರಿತ್ತು. ಹೋದ ವಾರ ಹಾಸ್ಟೆಲ್‌ನಲ್ಲಿ ಆಡುವಾಗ ಅವನ ಪಾತ್ರ ಕೋಟೆ ಗೋಡೆ ಹತ್ತಬೇಕಿತ್ತು. ಇಪ್ಪತ್ತು ಮುಖದ ದಾಳದಲ್ಲಿ 15 ಅಥವಾ ಹೆಚ್ಚು ಬೀಳಬೇಕು. ಗೆಳೆಯನೊಬ್ಬ ಹಗ್ಗ ಹಿಡಿದು ನೆರವಾದ. ಹೀಗೆ ಅನುಕೂಲ ಇದ್ದರೆ ದಾಳವನ್ನು ಎರಡು ಸಲ ಹಾಕಿ, ಎರಡರಲ್ಲಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಈ ನಿಯಮ 2014ರಲ್ಲಿ ಬಂದ ಐದನೇ ಆವೃತ್ತಿಯಿಂದ ಇದೆಯಂತೆ. ಅವನು ಎರಡು ಸಲ ಹಾಕಿದ. ಎರಡೂ ಸಣ್ಣವು ಬಿದ್ದವು. ಪಾತ್ರ ಕಂದಕಕ್ಕೆ ಬಿತ್ತು.

"ಮಾವ, ಒಂದ್ ಸಲಕ್ಕೆ 30 ಪರ್ಸೆಂಟು. ಎರಡ್ ಸಲಕ್ಕೆ 60 ಆಗ್ಬೇಕು ತಾನೆ? ಆದ್ರೆ ನಾನು ಬೀಳೋದೇ ಜಾಸ್ತಿ. ದಾಳ ಸರಿ ಇಲ್ವೇನೋ."

15ರಿಂದ 20ರವರೆಗೆ ಆರು ಮುಖ. ಇಪ್ಪತ್ತರಲ್ಲಿ ಆರು, ಅಂದರೆ ನೂರಕ್ಕೆ 30, ಅಲ್ಲಿಯವರೆಗೆ ಸರಿ. ಎರಡು ಸಲ ಅಂದಾಗ 60 ಅಲ್ಲ. ಹಾಗೆ ಕೂಡುತ್ತಾ ಹೋದರೆ ನಾಲ್ಕು ಸಲಕ್ಕೆ 120 ಆಗಬೇಕಲ್ಲ? ನೂರಕ್ಕೆ ನೂರಿಪ್ಪತ್ತು ಸಲ ಗೆಲ್ಲುವುದು ಹೇಗೆ?

ಇಂಜಿನಿಯರಿಂಗ್ ಓದುವ ಹುಡುಗನಿಗೆ ಇದು ಬರುವುದಿಲ್ಲವಾ ಅಂತ ನೀವು ಕೇಳಬಹುದು. ಪರೀಕ್ಷೆಯಲ್ಲಿ ಕೇಳಿದರೆ ಬರೆಯುತ್ತಿದ್ದ. ಈಗಿನ ಹತ್ತನೇ ತರಗತಿ ಗಣಿತದಲ್ಲೇ 'ಸಂಭವನೀಯತೆ' ಅಂತ ಪಾಠ ಇದೆ, ದಾಳದ ಲೆಕ್ಕವೂ ಇದೆ. ಆದರೆ ದಾಳ ಕೈಗೆ ಬಂದಾಗ ಪಾಠ ನೆನಪಾಗುವುದಿಲ್ಲ. ಅದು ನಮಗೆ ಚೆನ್ನಾಗಿ ಗೊತ್ತು.

ಅವ್ವನ ರಂಗೋಲಿ ಡಬ್ಬಿ ತಂದು ಜಗಲಿ ಮೇಲೆ ದೊಡ್ಡ ಚೌಕ ಎಳೆದೆವು. ಅಡ್ಡಕ್ಕೆ ಇಪ್ಪತ್ತು ಮನೆ, ಉದ್ದಕ್ಕೆ ಇಪ್ಪತ್ತು ಮನೆ ಅಂದುಕೊಂಡರೆ ಒಟ್ಟು 400 ಮನೆ. ಮೊದಲ ದಾಳ ಅಡ್ಡಸಾಲು, ಎರಡನೆಯದು ಉದ್ದಸಾಲು. ಎರಡೂ ಸೋಲುವ ಮನೆ ಎಷ್ಟು? ಸೋಲುವ ಮುಖ ಹದಿನಾಲ್ಕು. ಹದಿನಾಲ್ಕು ಹದಿನಾಲ್ಕಲಿ 196. ಮಿಕ್ಕದ್ದು 204. ನಾನೂರರಲ್ಲಿ 204 ಅಂದರೆ ನೂರಕ್ಕೆ 51.

ಅರ್ಧಕ್ಕಿಂತ ಒಂದು ಕೂದಲೆಳೆ ಹೆಚ್ಚು. ಉಳಿದ ಒಂಬತ್ತು ಎಲ್ಲಿ ಹೋಯಿತು? ಎರಡೂ ದಾಳ ಗೆಲ್ಲುವ ಮೂಲೆಯಲ್ಲಿ ಆರು ಆರಲಿ 36 ಮನೆ ಇದೆ, ಅಂದರೆ ನೂರಕ್ಕೆ 9. ಅಳಿಯ ಆ ಮೂಲೆಯನ್ನು ಎರಡು ಸಲ ಎಣಿಸಿದ್ದ. ಎರಡು ಸಲ ಗೆದ್ದರೂ ಗೋಡೆ ಹತ್ತುವುದು ಒಂದೇ ಸಲ. ಅನನುಕೂಲ ಇದ್ದಾಗ ಎರಡು ಸಲ ಹಾಕಿ ಸಣ್ಣದನ್ನು ಇಟ್ಟುಕೊಳ್ಳಬೇಕು. ಆಗ ಗೆಲ್ಲುವುದು ಆ ಮೂಲೆಯ 36 ಮನೆಯಲ್ಲಿ ಮಾತ್ರ.

ಇಷ್ಟರಲ್ಲಿ ಅವ್ವ ಕೇಳಿದ ಪ್ರಶ್ನೆಗೆ ನಾವಿಬ್ಬರೂ ತಡವರಿಸಿದೆವು. "ಬೋರ್‌ವೆಲ್ಲೂ ಅಂಗೇನಾ? ಒಂದು ಪಾಯಿಂಟಲ್ಲಿ ನೀರು ಬೀಳೋದು ನೂರಕ್ಕೆ ಮೂವತ್ತಾದ್ರೆ, ಎರಡು ಕೊರೆಸಿದ್ರೆ ಐವತ್ತೊಂದಾ?"

ನಾಗಮಂಗಲದ ಕಡೆಯವರು ನಾವು. ನಾಲೆ ನೀರಿನ ಮಂಡ್ಯ ಬೇರೆ, ನಮ್ಮದು ಬೇರೆ. ಇಲ್ಲಿ ಬೋರ್‌ವೆಲ್ ಲಾರಿ ಬಂತೆಂದರೆ ಮನೆಮಂದಿಗೆಲ್ಲ ಜ್ವರ. ಆದರೆ ಬೋರ್‌ವೆಲ್ ದಾಳದ ಹಾಗಲ್ಲ. ಒಂದು ದಾಳ ಏನು ಬಿತ್ತು ಅನ್ನುವುದು ಇನ್ನೊಂದಕ್ಕೆ ಗೊತ್ತಿಲ್ಲ. ಒಂದೇ ಹೊಲದಲ್ಲಿ ನೂರಡಿ ಆಚೆ ಕೊರೆಸಿದರೆ ಕೆಳಗಿನ ಬಂಡೆ ಒಂದೇ. ಮೊದಲನೆಯದು ಬತ್ತಿದ್ದರೆ ಎರಡನೆಯದೂ ಬತ್ತುವ ಸಂಭವ ಹೆಚ್ಚು. 51 ಇರಲಿ, 40 ಕೂಡ ನೆಚ್ಚುವಂತಿಲ್ಲ. ಲೆಕ್ಕ ಕೂಡಿಸುವ ಮೊದಲು ಒಂದಕ್ಕೊಂದು ಸಂಬಂಧ ಇದೆಯೋ ಇಲ್ಲವೋ ನೋಡಬೇಕು ಅಂತ ಹೇಳಿದೆವು. ಅವ್ವ, "ಅದ್ಕೇ ನಿಮ್ಮಪ್ಪನಿಗೆ ಎರಡನೇದು ಬ್ಯಾಡ ಅಂದಿದ್ದೆ" ಅಂದು ಹುಣಸೆ ಬೀಜ ಮೊರಕ್ಕೆ ಹಾಕಿದಳು.

ಅಳಿಯನ ಇನ್ನೊಂದು ನಂಬಿಕೆ: ಇಪ್ಪತ್ತು ಸಲ ಹಾಕಿದರೆ 20 ಒಮ್ಮೆಯಾದರೂ ಬೀಳಲೇಬೇಕು. ಇಪ್ಪತ್ತು ಮುಖ, ಇಪ್ಪತ್ತು ಸಲ, ಕೇಳಲು ನ್ಯಾಯವಾಗಿಯೇ ಇದೆ. ಫೋನ್ ತೆಗೆದು 0.95ನ್ನು ಇಪ್ಪತ್ತು ಸಲ ಗುಣಿಸಲು ಹೇಳಿದೆವು. ಒಂದು ಸಲ 20 ಬೀಳದಿರುವುದು ನೂರಕ್ಕೆ 95. ಇಪ್ಪತ್ತು ಸಲವೂ ಬೀಳದಿರುವುದು ನೂರಕ್ಕೆ ಸುಮಾರು 36. ಮೂರು ಜನ ಇಪ್ಪತ್ತಿಪ್ಪತ್ತು ಸಲ ಹಾಕಿದರೆ ಅವರಲ್ಲೊಬ್ಬ ಬರಿಗೈಯಲ್ಲಿ ಏಳುವುದು ಸಾಮಾನ್ಯ.

ನೀವೂ ಮಾಡಿ ನೋಡಿ. ಫೋನಿನ ಕ್ಯಾಲ್ಕುಲೇಟರ್ ಸಾಕು. 'ಒಮ್ಮೆಯಾದರೂ' ಅಂತ ಪ್ರಶ್ನೆ ಬಂದಾಗ ಗೆಲ್ಲುವುದನ್ನು ಎಣಿಸಬೇಡಿ. ಪ್ರತಿ ಸಲ ಸೋಲುವುದನ್ನು ಗುಣಿಸಿ, ಬಂದದ್ದನ್ನು ಒಂದರಿಂದ ಕಳೆಯಿರಿ. ಇದು ಹಳೆಯ ಲೆಕ್ಕ. ಫ್ರಾನ್ಸಿನಲ್ಲಿ ಡಿ ಮೆರೆ ಅನ್ನುವವನು ಇಂಥದೇ ಒಂದು ಪ್ರಶ್ನೆ ಹಿಡಿದುಕೊಂಡು ಪ್ಯಾಸ್ಕಲ್ ಹತ್ತಿರ ಬಂದಿದ್ದ. ಒಂದು ದಾಳವನ್ನು ನಾಲ್ಕು ಸಲ ಹಾಕಿದರೆ ಆರು ಒಮ್ಮೆಯಾದರೂ ಬೀಳುವುದು ನೂರಕ್ಕೆ 51.8. ಎರಡು ದಾಳವನ್ನು ಇಪ್ಪತ್ತನಾಲ್ಕು ಸಲ ಹಾಕಿದರೆ ಜೋಡಿ ಆರು ಒಮ್ಮೆಯಾದರೂ ಬೀಳುವುದು 49.1. ಎರಡೂ ಒಂದೇ ಇರಬೇಕು ಅಂತ ತೋರುತ್ತದೆ, ಇಲ್ಲ. ಪ್ಯಾಸ್ಕಲ್, ಫರ್ಮಾ ಇಬ್ಬರೂ 1654ರಲ್ಲಿ ಜೂಜಿನ ಲೆಕ್ಕದ ಬಗ್ಗೆ ಬರೆದುಕೊಂಡ ಕಾಗದಗಳಿಂದಲೇ ಈ ಗಣಿತ ಬೆಳೆಯಿತು.

ನಮ್ಮಲ್ಲಿ ಇನ್ನೂ ಹಳೆಯ ಕಥೆಯಿದೆ, ಅದನ್ನು ಅವ್ವನೇ ನೆನಪಿಸಿದಳು. ನಳ ಮಹಾರಾಜ ಪುಷ್ಕರನ ಜೊತೆ ಜೂಜಾಡಿ ರಾಜ್ಯ ಕಳಕೊಂಡ. ಆಮೇಲೆ ಋತುಪರ್ಣ ರಾಜನ ಸಾರಥಿಯಾದ. ದಾರಿಯಲ್ಲಿ ಒಂದು ತಾರೆ ಮರ ಕಂಡಾಗ ಋತುಪರ್ಣ ಎರಡು ಕೊಂಬೆ ನೋಡಿಯೇ ಹಣ್ಣು 2,095 ಇವೆ ಅಂದ. ನಳ ರಥ ನಿಲ್ಲಿಸಿ ಎಣಿಸಿದ, ಲೆಕ್ಕ ಸರಿಯಿತ್ತು. ಕುದುರೆ ವಿದ್ಯೆ ಕೊಟ್ಟು ದಾಳದ ವಿದ್ಯೆ ಕಲಿತ. ಮಹಾಭಾರತದ ವನಪರ್ವದಲ್ಲಿ ಇದೆ. ಆ ಕಾಲದಲ್ಲಿ ತಾರೆ ಕಾಯನ್ನೇ ದಾಳವಾಗಿ ಬಳಸುತ್ತಿದ್ದರು ಅನ್ನುವುದು ತಿಳಿದರೆ, ಆ ಮರದ ಕೆಳಗೇ ಯಾಕೆ ರಥ ನಿಂತಿತು ಅನ್ನುವುದೂ ತಿಳಿಯುತ್ತದೆ. ಎಲ್ಲವನ್ನೂ ಎಣಿಸದೆ ಸ್ವಲ್ಪ ನೋಡಿ ಒಟ್ಟು ಹೇಳುವುದು ಒಂದು ವಿದ್ಯೆ, ದಾಳ ಆಡುವುದು ಇನ್ನೊಂದು. ಕಥೆ ಕಟ್ಟಿದವರು ಎರಡನ್ನೂ ಒಬ್ಬನಿಗೇ ಕೊಟ್ಟಿದ್ದಾರೆ.

ಇಷ್ಟು ಹೊತ್ತಿಗೆ ಅವ್ವ ಒಳಗೆ ಹೋಗಿ ಕವಡೆ ತಂದಿದ್ದಳು.

ಚೌಕಾಬಾರ ಗೊತ್ತಿಲ್ಲದವರು ಈ ಕಡೆ ಕಡಿಮೆ. ಐದೈದು ಮನೆ, ನಾಲ್ಕು ಕವಡೆ. ಬಾಯಿ ಮೇಲಾಗಿ ಬಿದ್ದ ಕವಡೆ ಎಷ್ಟೋ ಅಷ್ಟು ಗರ. ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕು. ನಾಲ್ಕೂ ಕವುಚಿ ಬಿದ್ದರೆ ಬಾರ, ಎಂಟು. ಕವಡೆ ಮೇಲೆ ಬೀಳುವುದು ಕೆಳಗೆ ಬೀಳುವುದು ಸಮ ಅಂದುಕೊಂಡರೆ ನಾಲ್ಕು ಕವಡೆಗೆ ಹದಿನಾರು ರೀತಿ. ಒಂದು ಬೀಳುವುದು ನಾಲ್ಕು ರೀತಿಯಲ್ಲಿ, ಎರಡು ಬೀಳುವುದು ಆರು ರೀತಿಯಲ್ಲಿ, ಮೂರು ನಾಲ್ಕು ರೀತಿಯಲ್ಲಿ. ಚೌಕಕ್ಕೆ ಒಂದೇ, ಬಾರಕ್ಕೆ ಒಂದೇ.

"ಹಂಗಾದ್ರೆ ಎರಡು ಮನೆ ಹಿಂದೆ ಶತ್ರು ಕಾಯಿ ಇದ್ರೆ ಡೇಂಜರ್" ಅಂದ ಅಳಿಯ.

"ಅದ್ನ ಈಗ ಲೆಕ್ಕ ಹಾಕಿದ್ಯಾ? ನಮ್ಮವ್ವ ನಂಗೆ ಏಳು ವರ್ಷ ಇದ್ದಾಗ್ಲೇ ಹೇಳಿದ್ಲು. ಹಿಂದೆ ಎರಡು ಮನೆಗೆ ಕಾಯಿ ಬಿಟ್ಕಂಡು ಕೂರಬ್ಯಾಡ, ಕಡಿತಾರೆ ಅಂತ."

ಲೆಕ್ಕದಲ್ಲಿ ಬಂದದ್ದು ಹದಿನಾರಕ್ಕೆ ಆರು. ಅಜ್ಜಿಯ ಅವ್ವ ಬರೆದಿಡದೆ ಅಲ್ಲಿಗೇ ಬಂದಿದ್ದಳು. ಅಳಿಯನ ಆಟದಲ್ಲೂ ಇದೇ ಇದೆ. ಪಾತ್ರದ ಬಲ, ಬುದ್ಧಿ ಇತ್ಯಾದಿಗೆ ಮೂರು ದಾಳ ಹಾಕಿ ಕೂಡುತ್ತಾರೆ. 10 ಮತ್ತು 11 ಒಂದೊಂದೂ 216ರಲ್ಲಿ 27 ರೀತಿ ಬರುತ್ತವೆ, 18 ಒಂದೇ ರೀತಿ. ಕಣದಲ್ಲಿ ರಾಗಿ ಸುರಿದರೆ ನಡುವೆ ಗುಡ್ಡೆಯಾಗುತ್ತದಲ್ಲ, ಹಾಗೆ. ಇಪ್ಪತ್ತು ಮುಖದ ಒಂಟಿ ದಾಳದಲ್ಲಿ ಗುಡ್ಡೆಯಿಲ್ಲ, ರಾಗಿ ಹರವಿ ಒಣಹಾಕಿದಂತೆ ಎಲ್ಲ ಕಡೆ ಒಂದೇ ದಪ್ಪ. ಈಗ ಬಹಳ ಜನ ನಾಲ್ಕು ದಾಳ ಹಾಕಿ ಸಣ್ಣದೊಂದನ್ನು ಬಿಟ್ಟು ಕೂಡುತ್ತಾರಂತೆ. ಆಗ ಸರಾಸರಿ 10.5ರಿಂದ 12.24ಕ್ಕೆ ಏರುತ್ತದೆ. 18 ಬೀಳುವುದು 1,296ರಲ್ಲಿ 21 ರೀತಿ, ಮೂರು ದಾಳದಲ್ಲಿ ಬೀಳುವುದಕ್ಕಿಂತ ಮೂರೂವರೆ ಪಟ್ಟು. ನಾಯಕರ ಕಥೆ ಬೇಕಾದವರು ನಿಯಮವನ್ನೇ ನಾಯಕರ ಕಡೆಗೆ ಸ್ವಲ್ಪ ವಾಲಿಸಿಕೊಂಡಿದ್ದಾರೆ. ಅದರಲ್ಲಿ ಮೋಸವೇನಿಲ್ಲ. ಯಾರ ದುಡ್ಡೂ ಹೋಗುವುದಿಲ್ಲ.

ದುಡ್ಡು ಹೋಗುವ ದಾಳದ ವಿಷಯಕ್ಕೆ ಈಗ ಬರಬೇಕು.

ಆಗ ನಮಗೆ ಹತ್ತೊಂಬತ್ತು. ಪತ್ರಿಕೋದ್ಯಮ ಡಿಪ್ಲೊಮಾಕ್ಕೆ ಸೀಟು ಸಿಕ್ಕಿತ್ತು. ಫೀಸು 4,500 ರೂಪಾಯಿ. ಅವ್ವ ಎರಡು ಕುರಿ ಮಾರಿ ಹೊಂದಿಸಿ ಕೊಟ್ಟಿದ್ದಳು. ಬೆಳಗಿನ ಬಸ್ಸಿಗೆ ಮೈಸೂರಿಗೆ ಹೊರಡಬೇಕು. ಹಿಂದಿನ ರಾತ್ರಿ ಪಕ್ಕದೂರಿನ ಜಾತ್ರೆ. ದುಡ್ಡು ಅಂಗಿ ಒಳಜೇಬಿನಲ್ಲೇ ಇತ್ತು.

ತೇರಿನ ಹಿಂದಿನ ತೋಪಿನಲ್ಲಿ, ಪೆಟ್ರೋಮ್ಯಾಕ್ಸ್ ಬೆಳಕಲ್ಲಿ ಒಬ್ಬ ಗೋಣಿತಾಟು ಹಾಸಿಕೊಂಡು ಕೂತಿದ್ದ. ತಾಟಿನ ಮೇಲೆ ಆರು ಚಿತ್ರ: ಇಸ್ಪೀಟು, ಆಟೀನು, ಡೈಮಂಡು, ಕಳಾವರು, ಬಾವುಟ, ಕಿರೀಟ. ಡಬ್ಬದಲ್ಲಿ ಮೂರು ದಾಳ. ದಾಳದ ಆರು ಮುಖದಲ್ಲೂ ಅವೇ ಆರು ಚಿತ್ರ. ನೀವು ಒಂದು ಚಿತ್ರದ ಮೇಲೆ ದುಡ್ಡಿಡುತ್ತೀರಿ. ಒಂದು ದಾಳದಲ್ಲಿ ಅದು ಬಂದರೆ ನಿಮ್ಮ ದುಡ್ಡೂ ವಾಪಸ್, ಅಷ್ಟೇ ಲಾಭವೂ. ಎರಡರಲ್ಲಿ ಬಂದರೆ ಎರಡು ಪಟ್ಟು, ಮೂರರಲ್ಲಿ ಬಂದರೆ ಮೂರು ಪಟ್ಟು. ಬರದಿದ್ದರೆ ಅವನದು.

ನೋಡಿದ ಕೂಡಲೇ ನಮ್ಮ ತಲೆಗೆ ಹೊಳೆದದ್ದು: ಆರು ಚಿತ್ರ, ಮೂರು ದಾಳ, ಅಂದರೆ ಅರ್ಧಕ್ಕರ್ಧ. ಮೇಲೆ ಎರಡು ಪಟ್ಟು ಮೂರು ಪಟ್ಟು ಬೇರೆ. ಇವನು ದಡ್ಡ, ಇವನನ್ನು ದೋಚಬಹುದು.

ಗೋಡೆ ಹತ್ತುವಾಗ ಅಳಿಯ ಮಾಡಿದ ತಪ್ಪೇ ಇದು. ಮೊದಲ ಒಂದು ಗಂಟೆ ಹತ್ತು, ಇಪ್ಪತ್ತು ಇಟ್ಟು 350 ಗೆದ್ದೆವು. ಗೆಳೆಯರಿಗೆ ಗೋಬಿ ಕೊಡಿಸಿದೆವು. ಅವ್ವನಿಗೆ ಎರಡು ಡಜನ್ ಹಸಿರು ಗಾಜಿನ ಬಳೆ ತಗೊಂಡೆವು. 4,500 ಹಾಗೇ ಇತ್ತು. ವಾಪಸ್ ಬರುವಾಗ ನೋಡಿದರೆ ಕಿರೀಟ ಬಹಳ ಹೊತ್ತಿನಿಂದ ಬಿದ್ದಿಲ್ಲ ಅಂತ ಸುತ್ತ ಇದ್ದವರು ಮಾತಾಡುತ್ತಿದ್ದರು. ಹಾಗಾದರೆ ಇನ್ನು ಬೀಳಲೇಬೇಕಲ್ಲ. ಕಿರೀಟದ ಮೇಲೆ 50 ಇಟ್ಟೆವು. ಹೋಯಿತು. 100. ಹೋಯಿತು. ಸೋತರೆ ದುಪ್ಪಟ್ಟು ಇಡಬೇಕು, ಒಂದು ಸಲ ಬಿದ್ದರೆ ಎಲ್ಲ ವಾಪಸ್ ಬರುತ್ತದೆ ಅಂತ ಪಕ್ಕದವನೊಬ್ಬ ಉಪದೇಶ ಮಾಡಿದ. 200. 400. 800. 1,600. ಆರು ಸಲ. ಒಟ್ಟು 3,150. ಮುಂದಿನದಕ್ಕೆ 3,200 ಬೇಕು, ಕೈಯಲ್ಲಿ ಇದ್ದದ್ದು 1,350. ಅದನ್ನೂ ಕಿರೀಟದ ಮೇಲಿಟ್ಟೆವು.

ಇಸ್ಪೀಟು, ಇಸ್ಪೀಟು, ಬಾವುಟ. ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮನೆಗೆ ಬಂದು ಜೇಬುಗಳ್ಳರು ಹೊಡೆದರು ಅಂದೆವು. ಅಪ್ಪ ಎರಡು ದಿನ ಮಾತಾಡಲಿಲ್ಲ. ಅವ್ವ ಬೆಂಡೋಲೆ ಗಿರವಿ ಇಟ್ಟಳು. ಡಿಪ್ಲೊಮಾ ಆಯಿತು, ಬೈಲೈನ್ ಬಂತು, ಬೆಂಡೋಲೆ ಮಾತ್ರ ಬರಲಿಲ್ಲ. ಬಡ್ಡಿ ಬೆಳೆದು ಅದು ಮುಳುಗಿಹೋಯಿತು. ಸುದ್ದಿಗೆ ಇಷ್ಟು ಅಂತ ಸಿಗುವ ದುಡ್ಡಿನಲ್ಲಿ ಅದನ್ನು ಬಿಡಿಸುವುದು ಆಗದ ಮಾತಾಗಿತ್ತು. ಹೀಗೆ ಬರೆಯುವಾಗ ನೆಪ ಹೇಳುತ್ತಿದ್ದೇವೆ ಅನ್ನುವುದೂ ಗೊತ್ತು.

ಯುಗಾದಿಯ ಮಾರನೇ ದಿನ, ಹೊಸತೊಡಕಿನ ಊಟ ಆದ ಮೇಲೆ, ಊರ ಹುಡುಗರು ಅರಳಿಕಟ್ಟೆ ಹಿಂದೆ ಹೆಡ್ಡು-ಟೈಲು ಆಡಲು ಹೊರಟಿದ್ದರು. ಅಳಿಯನನ್ನೂ ಕರೆದರು. ಅವನು ನಮ್ಮ ಮುಖ ನೋಡಿದ. ಆಗ ಏನನ್ನಿಸಿತೋ, ಅವನನ್ನು ಕೂರಿಸಿಕೊಂಡು, "ಒಂದು ಲೆಕ್ಕ ಹಾಕು" ಅಂದೆವು. ಮೂರು ದಾಳ, ಆರು ಚಿತ್ರ. ಯಾರು ಆಡಿದ್ದು ಅಂತ ಹೇಳಲಿಲ್ಲ. ಅವ್ವ ಬಾಗಿಲ ಹತ್ತಿರ ಎಲೆಅಡಿಕೆ ಹಾಕುತ್ತಿದ್ದಳು.

ಈಗ ಅವನಿಗೆ ದಾರಿ ಗೊತ್ತಿತ್ತು. ಸೋಲು ಮೊದಲು. ಒಂದು ದಾಳದಲ್ಲಿ ಕಿರೀಟ ಬರದಿರುವುದು ಆರಕ್ಕೆ ಐದು. ಮೂರೂ ದಾಳದಲ್ಲಿ ಬರದಿರುವುದು ಐದೈದಲಿ ಇಪ್ಪತ್ತೈದು, ಇಪ್ಪತ್ತೈದೈದಲಿ ನೂರಿಪ್ಪತ್ತೈದು. ಒಟ್ಟು 216 ರೀತಿಯಲ್ಲಿ 125 ಸೋಲು, 91 ಗೆಲುವು. ನೂರಕ್ಕೆ 42. ಅರ್ಧ ಅಲ್ಲವೇ ಅಲ್ಲ.

"ಆದ್ರೆ ಎರಡು ಪಟ್ಟು ಮೂರು ಪಟ್ಟು ಕೊಡ್ತಾನಲ್ಲ ಮಾವ?"

ಅದನ್ನೂ ಹಾಕು ಅಂದೆವು. 91ರಲ್ಲಿ ಒಂದೇ ಕಿರೀಟ ಬರುವುದು 75, ಎರಡು ಬರುವುದು 15, ಮೂರೂ ಬರುವುದು 1. ಪ್ರತಿ ಸಲ ಒಂದು ರೂಪಾಯಿ ಇಟ್ಟು 216 ಸಲ ಆಡಿದರೆ, ಲೆಕ್ಕದ ಪ್ರಕಾರ ಗೆಲ್ಲುವುದು 75, ಮತ್ತೆ ಮೂವತ್ತು, ಮತ್ತೆ ಮೂರು: 108. ಸೋಲುವುದು 125. ಹದಿನೇಳು ರೂಪಾಯಿ ತಾಟಿನವನ ಕಡೆಗೆ. ರೂಪಾಯಿಗೆ ಸುಮಾರು ಎಂಟು ಪೈಸೆ.

ಎಂಟು ಪೈಸೆ ಅಷ್ಟೇನಾ ಅನಿಸುತ್ತದೆ. ಅದಕ್ಕೇ ಜನ ಎದ್ದು ಹೋಗುವುದಿಲ್ಲ. ನೂರಕ್ಕೆ 42 ಸಲ ಗೆಲ್ಲುತ್ತಲೇ ಇರುತ್ತೀರಿ, ಗೆದ್ದದ್ದು ನೆನಪಿರುತ್ತದೆ. ತಾಟಿನವನಿಗೆ ಮೋಸ ಮಾಡುವ ಅಗತ್ಯವೇ ಇಲ್ಲ. ಆರು ಚಿತ್ರದ ಮೇಲೂ ಹತ್ತು ಹತ್ತು ರೂಪಾಯಿ ಇದೆ ಅಂದುಕೊಳ್ಳಿ. ಮೂರೂ ದಾಳದಲ್ಲಿ ಬೇರೆ ಬೇರೆ ಚಿತ್ರ ಬಿದ್ದರೆ ಮೂವತ್ತು ತಗೊಂಡು ಮೂವತ್ತು ಕೊಡುತ್ತಾನೆ. ಜೋಡಿ ಬಿದ್ದರೆ ನಾಲ್ಕು ಚಿತ್ರದ ನಲವತ್ತು ತಗೊಂಡು, ಜೋಡಿಗೆ ಇಪ್ಪತ್ತು, ಒಂಟಿಗೆ ಹತ್ತು ಕೊಡುತ್ತಾನೆ. ಹತ್ತು ಉಳಿಯಿತು. ಮೂರೂ ಒಂದೇ ಬಿದ್ದರೆ ಐವತ್ತು ತಗೊಂಡು ಮೂವತ್ತು ಕೊಡುತ್ತಾನೆ. ಇಪ್ಪತ್ತು ಉಳಿಯಿತು. ಜೋಡಿ ಬಿದ್ದಾಗ ಸುತ್ತ ನಿಂತವರು ಕೇಕೆ ಹಾಕುತ್ತಾರೆ ನೋಡಿ, ಅವನು ದುಡಿಯುವುದು ಆಗಲೇ.

ದುಪ್ಪಟ್ಟು ಇಡುವ ಉಪದೇಶವನ್ನೂ ಅಳಿಯ ಲೆಕ್ಕ ಹಾಕಿದ. ಒಂದು ಸಲ ಸೋಲುವುದು 0.5787. ಅದನ್ನು ಆರು ಸಲ ಗುಣಿಸಿದರೆ 0.0376. ಅಂದರೆ 27ರಲ್ಲಿ ಒಂದು. ಏಳು ಸಲ ಸತತ ಸೋಲುವುದು 46ರಲ್ಲಿ ಒಂದು. ಅಪರೂಪ ಅನಿಸಬಹುದು. ಆದರೆ ಒಂದು ಜಾತ್ರೆ ರಾತ್ರಿಗೆ ಆ ತಾಟಿನ ಸುತ್ತ ಎಷ್ಟು ಜನ, ಎಷ್ಟು ಸಲ ಐವತ್ತರಿಂದ ಶುರು ಮಾಡುತ್ತಾರೆ? ಯಾರಾದರೂ ಒಬ್ಬ ಆ ರಾತ್ರಿ ಹೋಗಲೇಬೇಕು. ಆ ಒಬ್ಬ ಐವತ್ತು ಗೆಲ್ಲಲು ಹೋಗಿ 4,500 ಕಳೆಯುತ್ತಾನೆ.

ಕಿರೀಟ ಬಹಳ ಹೊತ್ತಿನಿಂದ ಬಿದ್ದಿರಲಿಲ್ಲ ಅನ್ನುವುದಕ್ಕೂ ಮುಂದಿನ ಗರಕ್ಕೂ ಏನೂ ಸಂಬಂಧವಿಲ್ಲ. ಒಂದೇ ಹೊಲದ ಎರಡು ಬೋರ್‌ವೆಲ್‌ಗೆ ಸಂಬಂಧ ಇರುತ್ತದೆ. ದಾಳದ ಎರಡು ಗರಕ್ಕೆ ಇರುವುದಿಲ್ಲ. ನಾವು ಇದನ್ನು ಉಲ್ಟಾ ನಂಬುತ್ತೇವೆ. ಬೋರ್‌ವೆಲ್ ಪ್ರತಿ ಸಲ ಹೊಸದು, ದಾಳ ಮಾತ್ರ ಹಳೆಯದನ್ನು ನೆನಪಿಟ್ಟುಕೊಂಡು ಬಾಕಿ ತೀರಿಸುತ್ತದೆ ಅಂತ.

"ಯಾರು ಮಾವ 4,500 ಕಳ್ಕೊಂಡಿದ್ದು?"

ನಾವು ಸುಮ್ಮನಿದ್ದೆವು. ಬಾಗಿಲ ಹತ್ತಿರದಿಂದ ಅವ್ವ ಅಂದಳು: "ನಿಮ್ ಮಾವ ಕಣ್ಲಾ."

ನಮಗೆ ತಲೆ ಎತ್ತಲಾಗಲಿಲ್ಲ.

"ಜೇಬುಗಳ್ಳ ಹೊಡ್ಕಂಡು ಹೋದ ಅಂದಾ. ಕೈಲಿ ನೋಡಿದ್ರೆ ಎರಡು ಡಜನ್ ಬಳೆ. ಫೀಸಿನ ದುಡ್ಡೂ ಬಸ್ ಚಾರ್ಜೂ ಬಿಟ್ರೆ ಒಂದ್ ರೂಪಾಯಿ ಕೊಟ್ಟಿರ್ನಿಲ್ಲ ನಾನು. ಬಳೆ ಯಾವ ದುಡ್ಡಲ್ಲಿ ಬಂತು? ಗೆದ್ದಿರೋ ದುಡ್ಡಲ್ಲಿ. ಗೆದ್ದೋನು ಸುಮ್ನೆ ಬತ್ತಾನಾ?"

ಹದಿನೈದು ವರ್ಷದ ಮೇಲಾಗಿತ್ತು. ಅಷ್ಟು ದಿನವೂ ಗೊತ್ತಿತ್ತಾ ಅಂತ ಕೇಳಿದೆವು. ಬಳೆ ತೊಟ್ಟ ದಿನವೇ ಗೊತ್ತಿತ್ತು ಅಂದಳು. ಮತ್ತೆ ಯಾಕೆ ಕೇಳಲಿಲ್ಲ ಅಂದದ್ದಕ್ಕೆ, "ಕೇಳಿದ್ರೆ ನಿಮ್ಮಪ್ಪಂಗೆ ಗೊತ್ತಾಗದು. ಅವ್ರು ಓದಾ ಬಿಡ್ಸರು" ಅಂದು ಎದ್ದು ಹೋಗಿ ಬಾಯಿ ತೊಳೆದುಕೊಂಡು ಬಂದಳು. ಬೆಂಡೋಲೆ ವಿಷಯ ಅವಳೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಅಳಿಯ ಅರಳಿಕಟ್ಟೆಗೆ ಹೋಗಲಿಲ್ಲ. ಹೆಡ್ಡು-ಟೈಲಿನಲ್ಲಿ ತಾಟಿನವನ ಪಾಲು ಇರುವುದಿಲ್ಲವಲ್ಲ, ಅದು ಸಮ ಅಲ್ಲವಾ ಅಂತ ಒಂದು ಸಲ ವಾದ ಮಾಡಿದ. ನಾಣ್ಯ ಸಮವೇ. ಆದರೆ ಕಡಿಮೆ ದುಡ್ಡಿನವನು ಹೆಚ್ಚು ದುಡ್ಡಿನವನ ಜೊತೆ, ಯಾರಾದರೊಬ್ಬರು ಬರಿದಾಗುವ ತನಕ ಸಮದ ಆಟ ಆಡಿದರೆ, ಮೊದಲು ಬರಿದಾಗುವ ಸಂಭವ ಇರುವುದು ಕಡಿಮೆಯವನಿಗೆ. ಒಬ್ಬನ ಹತ್ತಿರ 500, ಇನ್ನೊಬ್ಬನ ಹತ್ತಿರ 4,500 ಇದ್ದರೆ, 500ರವನು ಬರಿದಾಗುವುದು ಹತ್ತಕ್ಕೆ ಒಂಬತ್ತು ಸಲ. ಇದನ್ನು ಜಗಲಿ ಮೇಲೆ ರಂಗೋಲಿಯಲ್ಲಿ ಬರೆದು ತೋರಿಸಲು ನಮಗೆ ಆಗಲಿಲ್ಲ. ಅವನು ಫೋನಿನಲ್ಲಿ ಹುಡುಕಿ, ಹೌದು ಅಂದ.

ಈ ಮೂರು ದಾಳದ ಲೆಕ್ಕವನ್ನು ಜಾತ್ರೆ ಕಾಲಕ್ಕೆ ಪತ್ರಿಕೆಗೆ ಬರೆದು ಕಳಿಸಿದ್ದೆವು, ಸ್ವಂತ ಕಥೆ ಬಿಟ್ಟು. ಡೆಸ್ಕಿನಲ್ಲಿ 125 ಭಾಗಿಸು 216 ಎಲ್ಲ ಹೋಗಿ, 'ಜಾತ್ರೆಯಲ್ಲಿ ಜೂಜು: ಕ್ರಮಕ್ಕೆ ಆಗ್ರಹ' ಅಂತ ಎರಡು ಪ್ಯಾರಾ ಬಂತು. ಆಗ್ರಹಿಸಿದವರು ಯಾರು ಅಂತ ನಮಗೂ ಗೊತ್ತಿಲ್ಲ. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇವೆ. ಆ ತಾಟಿನವರು ಈಗ ಕಡಿಮೆಯಾಗಿದ್ದಾರೆ. ತಾಟು ಫೋನಿನೊಳಗೆ ಹೋಗಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರ ಆಗಸ್ಟಿನಲ್ಲಿ ಸಂಸತ್ತು ಕಾಯ್ದೆ ಮಾಡಿದೆ. ಆದರೂ ಯಾರಾದರೂ ನಿಮಗೆ ಲಿಂಕ್ ಕಳಿಸಿದರೆ, ಮೊದಲು ಸೋಲುವುದು ಎಷ್ಟು ರೀತಿ ಅಂತ ಎಣಿಸಿ. ಎಣಿಸಲು ಆಗದ ಹಾಗೆ ಆಟ ಮಾಡಿದ್ದರೆ, ಅದಕ್ಕೆ ಒಂದು ಕಾರಣ ಇರುತ್ತದೆ.

ಅಳಿಯ ಹೊರಡುವ ಹಿಂದಿನ ದಿನ ಅವ್ವನಿಗೆ ಒಂದು ಸಂಶಯ ಬಂತು. "ಕವಡೆ ಮೇಲೆ ಬೀಳೋದೂ ಕೆಳಗೆ ಬೀಳೋದೂ ಸಮ ಅಂದ್ಯಲ್ಲ, ಯಾರು ಹೇಳಿದ್ದು ನಿಂಗೆ?"

ಒಳ್ಳೆಯ ಪ್ರಶ್ನೆ. ದಾಳವನ್ನು ಅಚ್ಚಿನಲ್ಲಿ ಸಮ ಮಾಡುತ್ತಾರೆ. ಕವಡೆ ಹುಳದ ಮನೆ, ಒಂದು ಕಡೆ ಉಬ್ಬು, ಒಂದು ಕಡೆ ಚಪ್ಪಟೆ. ಉದಾಹರಣೆಗೆ ಹತ್ತಕ್ಕೆ ನಾಲ್ಕು ಸಲ ಮಾತ್ರ ಬಾಯಿ ಮೇಲಾಗುತ್ತದೆ ಅಂದುಕೊಂಡರೆ, ಚೌಕ ನೂರಕ್ಕೆ ಎರಡೂವರೆ ಸಲ ಬಿದ್ದರೆ ಬಾರ ಹದಿಮೂರು ಸಲ ಬೀಳುತ್ತದೆ. ಐದು ಪಟ್ಟು ವ್ಯತ್ಯಾಸ. ಒಂದು ಬೀಳುವುದೂ ಎರಡು ಬೀಳುವುದೂ ಸಮನಾಗುತ್ತವೆ. ಆಗ ಅವ್ವನ ಅವ್ವ ಹೇಳಿದ ಮಾತನ್ನೂ ಸ್ವಲ್ಪ ತಿದ್ದಬೇಕಾಗುತ್ತದೆ.

"ಹಾಕಿ ನೋಡೋಣ ಅಜ್ಜಿ, ಸಾವಿರ ಸಲ" ಅಂದ ಅಳಿಯ. ನಮ್ಮ ರಿಪೋರ್ಟಿಂಗ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಐದು ಕಾಲಂ ಎಳೆದ. ಅವ್ವ ಹಾಕುವುದು, ಅವನು ಗೀಟು ಎಳೆಯುವುದು. ಬಾರ ಬಿದ್ದಾಗೆಲ್ಲ ಅವ್ವ ಇನ್ನೊಂದು ಗರ ಹಾಕಿ, "ಇದು ಲೆಕ್ಕಕ್ಕಾ ಆಟಕ್ಕಾ?" ಅಂತ ಕೇಳುತ್ತಿದ್ದಳು. ಎಪ್ಪತ್ತಮೂರನೇ ಗರಕ್ಕೆ ಹಾಲು ಕರೆಯುವ ಹೊತ್ತಾಯಿತು. ಅವ್ವ ಕವಡೆ ಮಡಿಲಿಗೆ ಹಾಕಿಕೊಂಡು ಎದ್ದಳು. ಪುಸ್ತಕ ಹಾಗೇ ಇದೆ. ಎಪ್ಪತ್ತಮೂರು ಸಾಲದು, ಉಳಿದದ್ದು ದಸರಾ ರಜೆಗೆ.